ಕಂಪ್ಯೂಟರಿನಲ್ಲಿ ಸಿಕ್ಕ ಓರಗಿತ್ತಿ

ನಮ್ಮ ಮನೆಯಲ್ಲಿ ಯಾರ ಇಷ್ಟವನ್ನೂ ಯಾರೂ ಕೇಳುವ ಪದ್ಧತಿ ಇರಲಿಲ್ಲ. ತಟ್ಟೆಗೆ ಬಿದ್ದದ್ದನ್ನು ತಿನ್ನಬೇಕು, ಕೊಡಿಸಿದ್ದನ್ನು ತೊಡಬೇಕು, ಮದುವೆ ಗೊತ್ತುಮಾಡಿದರೆ ಹೋಗಿ ಕೂರಬೇಕು. ನಾನು ಹಾಗೆಯೇ ಬೆಳೆದವನು. ಹೀಗಿರುವಾಗ ಐವತ್ತು ದಾಟಿದ ಮೇಲೆ ಒಂದು ರೆಕಾರ್ಡಿಂಗ್ ಸಾಫ್ಟ್‌ವೇರ್ ನನ್ನೆದುರು ‘ಪ್ರಿಫರೆನ್ಸಸ್’ ಅನ್ನುವ ಕಿಟಕಿ ತೆರೆದು, ನಿಮ್ಮ ಇಷ್ಟವೇನು ಹೇಳಿ ಅಂದರೆ ಏನು ಮಾಡುವುದು? ಅದೂ ಒಂದೆರಡು ಇಷ್ಟವಲ್ಲ, ಪುಟಗಟ್ಟಲೆ. ಯಾವ ಮೈಕಿನಿಂದ ಕೇಳಲಿ, ಸದ್ದನ್ನು ಎಷ್ಟು ಸಣ್ಣಗೆ ಹೆಚ್ಚಲಿ, ಒಂದೇ ಚಾನಲ್ ಸಾಕೋ ಎರಡು ಬೇಕೋ, ಹಾಡುವವರಿಗೆ ಅವರ ದನಿ ಕೇಳಿಸಲೋ ಬೇಡವೋ. ನನ್ನ ಮದುವೆಯಲ್ಲಿ ಕೂಡ ನನ್ನನ್ನು ಇಷ್ಟು ಪ್ರಶ್ನೆ ಕೇಳಿರಲಿಲ್ಲ.

ನಾನು ಕೊಬ್ಬರಿ ವ್ಯಾಪಾರದವನು. ನಮ್ಮ ತಾತ ತಿಪಟೂರಿನ ಕಡೆಯಿಂದ ಮೂಟೆಗಳ ಜೊತೆ ಮದರಾಸಿಗೆ ಬಂದವರು, ಮೂಟೆ ಮಾರಿದರೂ ವಾಪಸು ಹೋಗಲಿಲ್ಲ. ಮಂಡಿ ರಾಯಪುರಂನಲ್ಲಿ, ಮನೆ ಮೈಲಾಪೂರ್‌ನಲ್ಲಿ. ಮನೆಯಲ್ಲಿ ಅಮ್ಮ, ಹೆಂಡತಿ, ಮಗಳು. ಅಮ್ಮನ ಕನ್ನಡ ಇನ್ನೂ ತಿಪಟೂರಿನದೇ. ನನ್ನದು ಅರ್ಧ ತಮಿಳು. ಮಗಳಿಗೆ ಎಲ್ಲ ಅರ್ಥವಾಗುತ್ತದೆ, ಆದರೆ ಅವಳನ್ನು ಕನ್ನಡದಲ್ಲಿ ಏನು ಕೇಳಿದರೂ ಉತ್ತರ ತಮಿಳಿನಲ್ಲಿ ಬರುತ್ತದೆ. ಇಪ್ಪತ್ತಾರು ವರ್ಷ ಅಜ್ಜಿ ಮೊಮ್ಮಗಳು ಹೀಗೆಯೇ ಎರಡು ಭಾಷೆಯಲ್ಲಿ ಜಗಳವಾಡಿಕೊಂಡು, ಎರಡು ಭಾಷೆಯಲ್ಲಿ ಮುದ್ದು ಮಾಡಿಕೊಂಡು ಬಂದಿದ್ದಾರೆ.

ಆ ಮಗಳಿಗೆ ಮದುವೆ ಗೊತ್ತಾಯಿತು. ಹುಡುಗ ಕೊಯಮತ್ತೂರಿನ ಕಡೆಯವನು. ನಮ್ಮವರೇ, ಆದರೆ ಮನೆಮಾತು ಎಂದೋ ತಮಿಳಾಗಿಹೋಗಿದೆ. ಸೀರೆ, ಒಡವೆ, ಊಟ ಯಾವುದಕ್ಕೂ ತಕರಾರು ಮಾಡದ ಮಗಳು ಒಂದೇ ಒಂದು ಮಾತು ಹೇಳಿದಳು.

“ಅಪ್ಪಾ, ಕಲ್ಯಾಣತ್ತುಲ ಅಜ್ಜಿ ಪಾಡಣುಂ. ಅವ್ವಳವುದಾನ್.”

ಮದುವೆಯಲ್ಲಿ ಅಜ್ಜಿ ಹಾಡಬೇಕು, ಅಷ್ಟೇ. ಅವಳಿಗೆ ಅದು ಅಷ್ಟೇ. ನನಗೆ ಮಾತ್ರ ಅಷ್ಟೇ ಅಲ್ಲ.

ಯಾಕೆಂದರೆ ಅಮ್ಮ ಹಾಡುವುದನ್ನು ಬಿಟ್ಟು ಕೆಲವು ವರ್ಷಗಳಾಗಿದ್ದವು. ನಮ್ಮಲ್ಲಿ ಮದುವೆಯ ಹಿಂದಿನ ದಿನ ಅರಿಶಿನದ ಶಾಸ್ತ್ರಕ್ಕೆ ಮದುಮಗಳನ್ನು ಹಸೆಮಣೆಗೆ ಹಾಡು ಹೇಳಿ ಕರೆಯುತ್ತಾರೆ. ಅವಳು ಒಳಗಿನ ಕೋಣೆಯಲ್ಲಿ ಕಾಯುತ್ತಿರುತ್ತಾಳೆ, ಹಾಡು ಪೂರ್ತಿ ಕರೆಯುವತನಕ ಹೊರಗೆ ಬರುವಂತಿಲ್ಲ. ಈ ಹಸೆ ಹಾಡನ್ನು ಒಬ್ಬರೇ ಹಾಡುವುದಿಲ್ಲ. ಒಬ್ಬಳು ಒಂದು ಸಾಲು ಹೇಳಿದರೆ ಇನ್ನೊಬ್ಬಳು ಅದೇ ಸಾಲನ್ನು ತಿರುಗಿ ಹೇಳಬೇಕು. ಅದಕ್ಕೆ ಸೊಲ್ಲು ಹಿಡಿಯುವುದು ಅನ್ನುತ್ತಾರೆ. ನಮ್ಮ ಕಡೆಯ ಎಲ್ಲ ಮದುವೆಗಳಲ್ಲೂ ಮುಂದೆ ಹೇಳುತ್ತಿದ್ದವಳು ನಮ್ಮಮ್ಮ, ಸೊಲ್ಲು ಹಿಡಿಯುತ್ತಿದ್ದವಳು ದೊಡ್ಡಮ್ಮ, ಅಂದರೆ ಅಮ್ಮನ ಓರಗಿತ್ತಿ. ಅಡುಗೆಮನೆಯಲ್ಲಿ ಈ ಇಬ್ಬರದು ಹಾವು ಮುಂಗುಸಿ. ಹುಳಿ ಜಾಸ್ತಿಯಾಯಿತು ಅಂತ ಒಂದು ಜಗಳ, ಹುಳಿಯೇ ಇಲ್ಲ ಅಂತ ಇನ್ನೊಂದು ಜಗಳ. ಆದರೆ ಹಸೆಯ ಮುಂದೆ ಒಂದೇ ಚಾಪೆಯ ಮೇಲೆ ತೋಳಿಗೆ ತೋಳು ತಾಗಿಸಿ ಕೂತರೆ, ಒಬ್ಬಳ ಸಾಲು ಎಲ್ಲಿ ಮುಗಿಯಿತು, ಇನ್ನೊಬ್ಬಳದು ಎಲ್ಲಿ ಶುರುವಾಯಿತು ಅಂತ ಗೊತ್ತಾಗುತ್ತಿರಲಿಲ್ಲ. ದೊಡ್ಡಮ್ಮ ಹೋದ ಮೇಲೆ ಅಮ್ಮ ಯಾವ ಮದುವೆಯಲ್ಲೂ ಬಾಯಿ ತೆರೆದಿಲ್ಲ.

ಮೊಮ್ಮಗಳ ಆಸೆಯನ್ನು ಹೇಳಿದಾಗ ಅಮ್ಮ ಹುರಿಗಡಲೆ ಆರಿಸುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ.

“ಒಬ್ಬಳೇ ಕೂತ್ಕಂಡು ಹಾಡೋಕೆ ನಾನೇನು ರೇಡಿಯೋನಾ? ಸೊಲ್ಲು ಹಿಡಿಯೋರು ಇಲ್ದೆ ಹಸೆ ಹಾಡು ಹೇಳಿದ್ರೆ ಗೋಡೆಗೆ ಹೇಳ್ದಂಗೆ ಕಣೋ.”

ನನ್ನ ಹೆಂಡತಿ ಪಾಪ, ನಾನು ಹಿಡಿಯುತ್ತೇನೆ ಅಂತ ಮುಂದೆ ಬಂದಳು. ಎರಡನೆಯ ಸಾಲಿಗೇ ಅಮ್ಮ ಕೈಯೆತ್ತಿದಳು. “ಸಾಕು ಕಣಮ್ಮ. ನೀನು ಸಾರು ಚೆನ್ನಾಗಿ ಮಾಡ್ತೀಯ.” ಮಗಳು ಈ ಸಾಹಸಕ್ಕೇ ಕೈಹಾಕಲಿಲ್ಲ. ತನ್ನ ಕನ್ನಡ ಕೇಳಿದರೆ ಅಜ್ಜಿ ಬಿದ್ದು ಬಿದ್ದು ನಗುತ್ತಾಳೆ ಅಂತ ತಮಿಳಿನಲ್ಲಿ ಹೇಳಿ ತಪ್ಪಿಸಿಕೊಂಡಳು.

ಆಗ ನನಗೆ ಬುದ್ಧಿ ಓಡಿತು. ಸಭೆಯಲ್ಲಿ ಬೇಡ, ನಿನ್ನ ಕೋಣೆಯಲ್ಲೇ ಬಾಗಿಲು ಹಾಕಿಕೊಂಡು ಹಾಡು, ನಾನು ರೆಕಾರ್ಡ್ ಮಾಡಿ ಮಂಟಪದಲ್ಲಿ ಹಾಕಿಸುತ್ತೇನೆ ಅಂದೆ. ಅಮ್ಮ ತುಂಬ ಹೊತ್ತು ಯೋಚಿಸಿ, “ಕೂಸಿನ ಮುಖ ನೋಡ್ಕಂಡು ಒಪ್ತೀನಿ, ನಿನ್ ಮುಖ ನೋಡ್ಕಂಡಲ್ಲ,” ಅಂದಳು.

ಫೋನಿನಲ್ಲೇ ಮಾಡಬಹುದಿತ್ತು. ಮಗಳು ಹಾಗೆಯೇ ಹೇಳಿದಳು. ಆದರೆ ಮಂಟಪದ ದೊಡ್ಡ ಸ್ಪೀಕರಿಗೆ ಫೋನಿನ ಸದ್ದು ಸಾಲುವುದಿಲ್ಲ ಅಂತ ನಾನೇ ತೀರ್ಮಾನ ಮಾಡಿದೆ. ಕೋಡಂಬಾಕ್ಕಂನ ಡಬ್ಬಿಂಗ್ ಸ್ಟುಡಿಯೋವೊಂದರಲ್ಲಿ ಕೆಲಸ ಮಾಡಿದ್ದ ಪರಿಚಯದವರೊಬ್ಬರನ್ನು ಹಿಡಿದೆ. ಅವರು ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟು, ಮೈಕ್ ಇರುವ ಹೆಡ್‌ಫೋನ್ ಕೊಡಿಸಿ, ಹಾಡುವಾಗ ಫ್ಯಾನ್ ಆರಿಸಿ ಅಂದರು. ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದರು: “ಎಲ್ಲಾ ಸರಿಯಾ ಇರುಕ್ಕು ಸಾರ್. ಪ್ರಿಫರೆನ್ಸಸ್ ಮಟ್ಟುಂ ತೊಡಾದೀಂಗ.” ಅದೊಂದನ್ನು ಮಾತ್ರ ಮುಟ್ಟಬೇಡಿ ಅಂತ. ಮುಟ್ಟಬೇಡಿ ಅಂದದ್ದನ್ನು ಮುಟ್ಟದೆ ಬಿಟ್ಟಿದ್ದರೆ ನಾನು ಇವತ್ತು ಬೇರೆಯೇ ಮನುಷ್ಯನಾಗಿರುತ್ತಿದ್ದೆ.

ಅವರ ಸ್ಕೂಟರ್ ಬೀದಿ ದಾಟುವ ಮೊದಲೇ ಕಿಟಕಿ ತೆರೆದೆ. ಮೊದಲು ಕಣ್ಣಿಗೆ ಬಿದ್ದದ್ದು ‘ಸದ್ದು ಇದ್ದಾಗ ಮಾತ್ರ ರೆಕಾರ್ಡ್ ಮಾಡು’ ಅನ್ನುವ ಅರ್ಥದ ಒಂದು ಸಾಲು. ಎಂಥ ಒಳ್ಳೆಯ ಏರ್ಪಾಡು! ಸುಮ್ಮನೆ ಇರುವುದನ್ನು ಯಾಕೆ ತುಂಬಬೇಕು? ಮೂಟೆಯಲ್ಲಿ ಕೊಬ್ಬರಿ ಇರಬೇಕು, ಗಾಳಿ ಇರಬಾರದು. ಗುರುತು ಹಾಕಿದೆ.

ಫ್ಯಾನ್ ಆರಿಸಿದ ಚೆನ್ನೈ ಕೋಣೆ ಹೇಗಿರುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಅಮ್ಮ ಹೆಡ್‌ಫೋನ್ ಹಾಕಿಕೊಂಡು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಗೋಡೆಗೆ ಹೇಳಿದಂತೆಯೇ ಹಾಡಿದಳು. ಗೊಣಗಿದಳು ಅನ್ನುವುದೇ ಸರಿ. ಮುಗಿದ ಮೇಲೆ ಹೆಂಡತಿ ಮಗಳನ್ನು ಕರೆದು ಹಾಕಿ ತೋರಿಸಿದೆ. ಮೊದಲು ಕುಕ್ಕರಿನ ಸೀಟಿ. ಆಮೇಲೆ ಹಳೇ ಪೇಪರಿನವನ ಗಾಡಿಯ ಸ್ಪೀಕರ್. ಆಮೇಲೆ ನನ್ನದೇ ದನಿ, “ಜೋರಾಗಿ ಅಮ್ಮಾ!” ಆಮೇಲೆ ಅಮ್ಮನ ದನಿ, “ಸೆಕೆ ಕಣೋ, ಫ್ಯಾನ್ ಹಾಕೋ!” ಮತ್ತೆ ಕುಕ್ಕರಿನ ಸೀಟಿ. ಹಾಡು ಒಂದು ಸಾಲೂ ಇರಲಿಲ್ಲ. ಅಮ್ಮನ ಗೊಣಗಾಟವನ್ನು ಆ ಸಾಫ್ಟ್‌ವೇರ್ ಸದ್ದು ಅಂತ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

“ನೋಡ್ದಾ,” ಅಂದಳು ಅಮ್ಮ, ಗೆದ್ದವಳ ಹಾಗೆ. “ಇದು ಹಾಡಲ್ಲ ಅಂತ ಅದಕ್ಕೂ ಗೊತ್ತಾಯ್ತು.”

ನಾನು ಬಿಡುವವನೇ? ಆ ಗುರುತು ತೆಗೆದು ಇನ್ನೂ ಒಳಕ್ಕೆ ಹೋದೆ. ಹಾಡುವವರಿಗೆ ಅವರ ದನಿಯನ್ನು ಹೆಡ್‌ಫೋನಿನಲ್ಲಿ ಕೇಳಿಸಬಹುದು ಅಂತ ಒಂದು ಕಡೆ ಇತ್ತು. ತನ್ನ ದನಿ ತನಗೆ ಕೇಳಿಸಿದರೆ ಗೊಣಗುವುದು ಬಿಟ್ಟು ಬಾಯಿಬಿಟ್ಟು ಹಾಡಿಯಾಳು ಅಂತ ಅದಕ್ಕೆ ಗುರುತು ಹಾಕಿದೆ. ಅದರ ಪಕ್ಕದಲ್ಲೇ ಬಫರ್ ಅಂತ ಇನ್ನೊಂದು. ಬರುವ ಸದ್ದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುವ ಚೀಲ ಅದು, ಚಿಕ್ಕದಾದರೆ ಸದ್ದು ಚೆಲ್ಲಿ ಹಾಳಾಗಬಹುದು ಅಂತ ತಿಳಿಯಿತು. ಕೊಬ್ಬರಿಯವನಿಗೆ ಚೀಲದ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ. ಬಿಗಿ ಚೀಲದಷ್ಟು ದರಿದ್ರ ಇನ್ನೊಂದಿಲ್ಲ, ಹೊಲಿಗೆ ಬಿಟ್ಟರೆ ಸರಕೆಲ್ಲ ಬೀದಿಪಾಲು. ಅಲ್ಲಿದ್ದ ಪುಟ್ಟ ಸಂಖ್ಯೆಯನ್ನು ಅಳಿಸಿ, ದೊಡ್ಡದಿರಲಿ ಅಂತ ಕೈಗೆ ಬಂದಷ್ಟು ಹಾಕಿದೆ. ಚೀಲ ದೊಡ್ಡದಾದಷ್ಟೂ ಸರಕು ಆ ಕಡೆ ಮುಟ್ಟುವುದು ತಡವಾಗುತ್ತದೆ ಅಂತ ಅಲ್ಲೇ ಕೆಳಗೆ ಬರೆದಿತ್ತಂತೆ. ನಾನು ಅಷ್ಟು ಕೆಳಗೆ ಓದುವ ಜಾತಿಯಲ್ಲ.

ಅಮ್ಮ ಮತ್ತೆ ಕೂತಳು. ಮೊದಲ ಸಾಲು ಗೊಣಗಿ ನಿಲ್ಲಿಸಿದಳು. ನಿಲ್ಲಿಸಿದವಳು ಥಟ್ಟನೆ ಕಣ್ಣರಳಿಸಿದಳು. ಕಿವಿಯ ಮೇಲಿನ ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿಕೊಂಡಳು. ಆಮೇಲೆ ನಿಧಾನವಾಗಿ ತಲೆಯಾಡಿಸಿ ಎರಡನೆಯ ಸಾಲು ಹೇಳಿದಳು, ಮತ್ತೆ ನಿಲ್ಲಿಸಿದಳು, ಕೇಳಿಸಿಕೊಂಡಳು, ಮೂರನೆಯದು ಹೇಳಿದಳು. ಒಂದೊಂದು ಸಾಲಿಗೂ ದನಿ ಮೇಲೇರುತ್ತಿತ್ತು. ನಾನು ಎಳೆಯವನಿದ್ದಾಗ ಮದುವೆಮನೆಗಳಲ್ಲಿ ನಿದ್ದೆಗಣ್ಣಲ್ಲಿ ಕೇಳಿದ ದನಿ ಅದು. ಎಲ್ಲಾ ನನ್ನ ಪ್ರಿಫರೆನ್ಸಸ್ಸಿನ ಮಹಿಮೆ ಅಂದುಕೊಂಡು ಎದೆಯುಬ್ಬಿಸಿ ಕೂತೆ.

ಅಷ್ಟರಲ್ಲಿ ಅಮ್ಮ, “ಸ್ವಲ್ಪ ಮೇಲಕ್ಕೆ ತಗೊಳ್ಳೇ,” ಅಂದಳು.

ನನಗೆ ಹೇಳಿದ್ದೋ ಅಂತ ತಬ್ಬಿಬ್ಬಾದೆ. ಅಮ್ಮ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಒಂದು ಕ್ಷಣ ಸುಮ್ಮನಿದ್ದು ಮುಖ ಕೆಂಪಗೆ ಮಾಡಿಕೊಂಡಳು. “ನನಗೇ ಹೇಳ್ತೀಯಾ?” ಮತ್ತೆ ಒಂದು ಕ್ಷಣ. “ನಾನಲ್ಲ ಕಣೇ, ನೀನು!” ಮತ್ತೆ ಒಂದು ಕ್ಷಣ. “ಬಾಯಿ ಮುಚ್ಚೇ!” ಆ ಕಡೆಯಿಂದಲೂ ಅದೇ ಉತ್ತರ ಬಂದಿರಬೇಕು. ಅಮ್ಮ ಹೆಡ್‌ಫೋನನ್ನು ಕಿತ್ತು ಹಾಸಿಗೆಯ ಮೇಲೆ ಎಸೆದಳು.

“ಯಾವಳೋ ಅವಳು ಒಳಗಿರೋಳು? ಸೊಲ್ಲೇನೋ ಚೆನ್ನಾಗೇ ಹಿಡೀತಾಳೆ. ಒಂದು ಮಾತು ಹೇಳಂಗಿಲ್ಲ, ತಿರುಗಿಸಿ ನನಗೇ ಹೇಳ್ತಾಳೆ. ಥೇಟು ನಿಮ್ಮ ದೊಡ್ಡಮ್ಮ!”

ಹೆಂಡತಿ ಬಾಗಿಲ ಬಳಿ ಕುಸಿದು ಕೂತು ನಕ್ಕಳು. ಮಗಳು ಬಂದು ಪರದೆ ನೋಡಿ ಹಣೆ ಚಚ್ಚಿಕೊಂಡಳು. “ಪಡಿಚ್ಚು ಪಾಕ್ಕವೇ ಮಾಟ್ಟೀಂಗಳಾಪ್ಪಾ?” ಓದಿಯೇ ನೋಡುವುದಿಲ್ಲವಾ ಅಂತ ನನ್ನನ್ನು ಬೈದು, ತಾನೇ ಓದಿ ಹೇಳಿದಳು. ನಾನು ಹಾಕಿದ ಚೀಲ ಎಷ್ಟು ದೊಡ್ಡದೆಂದರೆ ಅಮ್ಮನ ದನಿ ಅದರಲ್ಲಿ ತುಂಬಿ ಆ ಕಡೆ ಮುಟ್ಟುವಷ್ಟರಲ್ಲಿ ಒಂದು ಸಾಲು ಹಾಡುವ ಹೊತ್ತು ಕಳೆದುಹೋಗುತ್ತಿತ್ತು. ಅಮ್ಮ ಕೇಳಿಸಿಕೊಂಡದ್ದು, ಜಗಳವಾಡಿದ್ದು, ಎಲ್ಲಾ ತನ್ನದೇ ದನಿಯ ಜೊತೆ. ನನಗೆ ಅವಮಾನವಾಯಿತು. ಎಲ್ಲವನ್ನೂ ಮೊದಲಿದ್ದಂತೆ ಮಾಡುವ ಗುಂಡಿಯೊಂದಿತ್ತು, ಅದನ್ನು ಒತ್ತಿದೆ. ಹಾಡುವವರ ದನಿ ಅವರಿಗೇ ಕೇಳಿಸುವುದನ್ನೂ ತೆಗೆದು ಹಾಕಿದೆ. ಈಗ ಸರಿಯಾಯಿತು ನೋಡು ಅಂತ ಅಮ್ಮನಿಗೆ ಹೇಳಿದೆ.

ಮಾರನೆಯ ಬೆಳಿಗ್ಗೆ ನಾನು ಕರೆಯುವ ಮೊದಲೇ ಅಮ್ಮ ಬಂದು ಕೂತಿದ್ದಳು. ತಲೆ ಬಾಚಿ, ಹೂ ಮುಡಿದು, ಒಳ್ಳೆಯ ಸೀರೆ ಉಟ್ಟಿದ್ದಳು. ತಾನೇ ಹೆಡ್‌ಫೋನ್ ಹಾಕಿಕೊಂಡಳು. ಮೊದಲ ಸಾಲನ್ನು ತುಂಬು ದನಿಯಲ್ಲಿ ಹೇಳಿ ನಿಲ್ಲಿಸಿದಳು. ಕಾದಳು. ತಲೆಯನ್ನು ಸ್ವಲ್ಪ ವಾಲಿಸಿ ಇನ್ನೂ ಕಾದಳು.

“ಇವತ್ತು ಬರಲಿಲ್ವಾ ಅವಳು?”

ನಾನು ಸಾವಧಾನವಾಗಿ ವಿವರಿಸಿದೆ. ಅಲ್ಲಿ ಯಾರೂ ಇಲ್ಲ ಅಮ್ಮ, ಅದು ನಿನ್ನದೇ ದನಿ, ತಡವಾಗಿ ಕೇಳಿಸುತ್ತಿತ್ತು, ನಾನು ಸರಿ ಮಾಡಿದ್ದೇನೆ ಅಂತ.

“ಅಷ್ಟೂ ಗೊತ್ತಾಗಲ್ವೇನೋ ನನಗೆ? ನನ್ನ ಗಂಟಲು ನನಗೆ ಗೊತ್ತಿಲ್ವಾ?” ಅಂದಳು ಅಮ್ಮ. “ಜಗಳ ಆಡ್ದಾಗಲೇ ಗೊತ್ತಾಯ್ತು. ಯಾರ ಗಂಟಲಾದ್ರೇನು, ಸೊಲ್ಲು ಹಿಡೀತಿತ್ತಲ್ಲ. ಎಷ್ಟು ದಿನ ಆಗಿತ್ತೋ ಹಂಗೆ ಹಾಡಿ. ನೀನು ಅದನ್ನೂ ರಿಪೇರಿ ಮಾಡಿಟ್ಟೆ.”

ಹೆಡ್‌ಫೋನ್ ತೆಗೆದಿಟ್ಟು ಎದ್ದು ಹೋದಳು. ಮದುವೆ ಹತ್ತಿರ ಬರುತ್ತಿತ್ತು. ಮಗಳು ಕೇಳಿದ್ದು ಒಂದೇ ಒಂದು, ಅದೂ ನನ್ನ ಕೈಗೆ ಸಿಕ್ಕಿ ಜಾರಿಹೋಗಿತ್ತು.

ಆವತ್ತು ಮಂಡಿಗೆ ಹೋಗಲಿಲ್ಲ. ಕಳೆದುಹೋದ ತಪ್ಪನ್ನು ಹುಡುಕುತ್ತ ಕಂಪ್ಯೂಟರ್ ಮುಂದೆ ಕೂತೆ. ತಪ್ಪನ್ನು ಸರಿ ಮಾಡುವುದು ಒಂದು ಗುಂಡಿಯ ಕೆಲಸ. ಸರಿಯಾದದ್ದನ್ನು ಮತ್ತೆ ಅದೇ ತಪ್ಪಿಗೆ ತರುವುದಕ್ಕೆ ಎಲ್ಲೂ ಗುಂಡಿ ಇಲ್ಲ. ಕೈಗೆ ಬಂದಂತೆ ಹಾಕಿದ ಸಂಖ್ಯೆ ಯಾರಿಗೆ ನೆನಪಿರುತ್ತದೆ? ದನಿ ಕೇಳಿಸುವ ಗುರುತನ್ನು ಮತ್ತೆ ಹಾಕಿ, ಅಮ್ಮನನ್ನು ಹೇಗೋ ಪುಸಲಾಯಿಸಿ ಕೂರಿಸಿದೆವು. ಒಂದು ಸಂಖ್ಯೆ ಹಾಕಿದರೆ ದನಿ ಬೇಗ ಬಂದು ಅಮ್ಮನ ಸಾಲಿನ ಮೇಲೇ ಹತ್ತುತ್ತಿತ್ತು. “ಏನಿವಳು, ಬಸ್ಸು ತಪ್ಪಿಹೋಗ್ತದೇನೋ ಅನ್ನೋ ಹಂಗೆ ಹಿಂದೆನೇ ಓಡಿ ಬರ್ತಾಳೆ,” ಅನ್ನುತ್ತಿದ್ದಳು ಅಮ್ಮ. ಇನ್ನೊಂದು ಹಾಕಿದರೆ ತೀರ ತಡ. “ತೂಕಡಿಸ್ತಿದಾಳೆ, ಎಬ್ಬಿಸೋ.” ಕಡೆಗೆ ಮಗಳು ನನ್ನನ್ನು ಎಬ್ಬಿಸಿ ತಾನು ಕೂತಳು. ಅಜ್ಜಿಯ ಒಂದೊಂದು ಸಾಲಿಗೂ ತೊಡೆಯ ಮೇಲೆ ತಾಳ ಹಾಕಿ, ಅದರ ಉದ್ದವನ್ನು ಬಾಯಲ್ಲೇ ಗುನುಗಿ ನೋಡಿ, ಸಂಖ್ಯೆಯನ್ನು ಸ್ವಲ್ಪ ಸ್ವಲ್ಪ ಹಿಂದೆ ಮುಂದೆ ಮಾಡಿದಳು. ಇದ್ದಕ್ಕಿದ್ದಂತೆ ಅಮ್ಮನ ಮುಖ ಬೆಳಗಿತು.

“ಬಂದ್ಲು,” ಅಂದಳು.

ಆಮೇಲೆ ಹಾಡು ನಿಲ್ಲಲಿಲ್ಲ. ಒಂದು ಸಾಲು ಹೇಳುವುದು, ಕಣ್ಣು ಮುಚ್ಚಿ ಕೇಳುವುದು, ಇನ್ನೊಂದು ಸಾಲು. ನಮಗೆ ಕೇಳಿಸುತ್ತಿದ್ದುದು ಅಮ್ಮನ ಸಾಲುಗಳು ಮಾತ್ರ. ನಡುವೆ ಅಮ್ಮ ಒಬ್ಬಳೇ ಕೇಳಿಸಿಕೊಂಡು ತಲೆದೂಗುತ್ತಿದ್ದಳು. ಬೆವರು ಕಿವಿಯ ಪಕ್ಕದಿಂದ ಇಳಿಯುತ್ತಿದ್ದರೂ ಫ್ಯಾನ್ ಹಾಕು ಅನ್ನಲಿಲ್ಲ. ನನ್ನ ಹೆಂಡತಿ ಕುಕ್ಕರ್ ಇಳಿಸಿ ಬಂದು ಬಾಗಿಲಲ್ಲೇ ನಿಂತಿದ್ದಳು.

ಇಷ್ಟು ಮಾಡಿದ ಮೇಲೆ ಹಾಕಿ ಕೇಳಿದರೆ, ಒಂದು ಸಾಲು ಹಾಡು, ಒಂದು ಸಾಲು ಖಾಲಿ. ಹೆಡ್‌ಫೋನಿನಲ್ಲಿ ಕೇಳಿಸಿದ ದನಿ ರೆಕಾರ್ಡ್ ಆಗುವುದಿಲ್ಲವಂತೆ. ಓರಗಿತ್ತಿ ಅಮ್ಮನ ಕಿವಿಗೆ ಮಾತ್ರ ಬಂದು ಹೋಗಿದ್ದಳು.

“ಏನ್ರೀ ಇದು, ಕರೆಂಟು ಹೋಗಿ ಹೋಗಿ ಬಂದಂಗಿದೆ,” ಅಂದಳು ಹೆಂಡತಿ.

ಅಮ್ಮನ ಸಾಲುಗಳನ್ನೇ ಎತ್ತಿ ಖಾಲಿ ಜಾಗಗಳಿಗೆ ಅಂಟಿಸೋಣ ಅಂದೆ. ಅಮ್ಮ ಒಪ್ಪಲಿಲ್ಲ. “ಮನೇಲಿ ಸರಿ. ಮಂಟಪದಲ್ಲಿ ನಾನೇ ಹೇಳಿ ನಾನೇ ಸೊಲ್ಲು ಹಿಡಿದ್ರೆ ಜನ ಏನಂತಾರೆ?” ಹಾಗಾದರೆ ಖಾಲಿಯನ್ನೆಲ್ಲ ಕತ್ತರಿಸಿ ಕೂಡಿಸಿಬಿಡುತ್ತೇನೆ ಅಂತ ಮೌಸಿಗೆ ಕೈಹಾಕಿದರೆ ಮಗಳು ಕೈ ಹಿಡಿದಳು. “ತೊಡಾದೀಂಗಪ್ಪಾ. ಅದು ದೊಡ್ಡಜ್ಜಿಯೋಡ ಇಡಂ.” ಅದು ದೊಡ್ಡಜ್ಜಿಯ, ಅಂದರೆ ನಮ್ಮ ದೊಡ್ಡಮ್ಮನ ಜಾಗ, ಮುಟ್ಟಬೇಡಿ ಅಂತ. ಸರಿ, ನಮ್ಮ ಕಡೆಯ ಹೆಂಗಸರು ಹೇಗೂ ಬರುತ್ತಾರೆ, ಹೇಳಿದ ಸಾಲನ್ನೇ ತಿರುಗಿ ಹೇಳುವುದಕ್ಕೆ ಏನು ಕಷ್ಟ ಅಂತ ಅತ್ತಿಗೆ ನಾದಿನಿಯರಿಗೆಲ್ಲ ಫೋನ್ ಮಾಡಿದೆ. ಎಲ್ಲರೂ ಆಗಲಿ, ಅದಕ್ಕೇನಂತೆ, ಅಂದರು.

ಅರಿಶಿನದ ಶಾಸ್ತ್ರದ ಸಂಜೆ, ಆಗಲಿ ಅಂದವರೆಲ್ಲ ಊಟದ ಹಾಲಿನಲ್ಲಿದ್ದರು. ಗಂಡಿನ ಕಡೆಯವರು ಬಿಸಿ ಬಿಸಿ ದೋಸೆ ಹಾಕಿಸುತ್ತಿದ್ದರು, ಅವರ ತಪ್ಪೂ ಅಲ್ಲ. ಹಸೆಮಣೆ ಸಿದ್ಧವಾಗಿತ್ತು. ಮಗಳು ಪಕ್ಕದ ಕೋಣೆಯಲ್ಲಿ ಕಾಯುತ್ತಿದ್ದಳು. ಅಮ್ಮ ಮೊದಲ ಸಾಲಿನ ಕುರ್ಚಿಯಲ್ಲಿ ಕೂತಿದ್ದಳು. ಸೌಂಡಿನವನಿಗೆ ಸನ್ನೆ ಮಾಡಿದೆ.

ಅಮ್ಮನ ದನಿ ಮಂಟಪದ ತುಂಬ ತುಂಬಿಕೊಂಡಿತು. ಮೊದಲ ಸಾಲು ಮುಗಿಯಿತು. ಆಮೇಲೆ ಖಾಲಿ. ಗಂಡಿನ ಕಡೆಯವರು ಮುಖ ಮುಖ ನೋಡಿಕೊಂಡರು. “ವಯರ್ ಲೂಸು ಸಾರ್!” ಅಂತ ಸೌಂಡಿನವನು ಸ್ಪೀಕರಿನ ಕಡೆ ಓಡಿದ. ಅವನು ತಲುಪುವುದರೊಳಗೆ ಎರಡನೆಯ ಸಾಲು ಬಂತು, ಅವನು ವಾಪಸಾದ. ಮತ್ತೆ ಖಾಲಿ, ಮತ್ತೆ ಓಡಿದ. ಯಾರೋ ನಕ್ಕರು. ಅಮ್ಮ ತಲೆ ತಗ್ಗಿಸಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಎಲ್ಲರೆದುರು ಅಮ್ಮನನ್ನು ಗೋಡೆಗೆ ಹಾಡುವ ಹಾಗೆ ಮಾಡಿದೆನಲ್ಲ ಅಂದುಕೊಳ್ಳುತ್ತ ಊಟದ ಹಾಲಿನ ಕಡೆ ನೋಡಿದೆ.

ಮೂರನೆಯ ಸಾಲು ಮುಗಿಯಿತು. ಆಗ ಕೋಣೆಯ ಒಳಗಿನಿಂದ ಅದೇ ಸಾಲು ಬಂತು. ಶ್ರುತಿ ಸ್ವಲ್ಪ ಆಚೀಚೆ, ಉಚ್ಚಾರ ಪೂರ್ತಿ ಮೈಲಾಪೂರ್. ಆದರೆ ಮಾತು ಒಂದೂ ತಪ್ಪಿರಲಿಲ್ಲ, ನಿಂತ ಜಾಗವೂ ತಪ್ಪಿರಲಿಲ್ಲ. ಸಂಖ್ಯೆ ಹಿಂದೆ ಮುಂದೆ ಮಾಡುತ್ತ ಅವಳು ತೊಡೆಯ ಮೇಲೆ ಹಾಕಿದ ತಾಳ ನೆನಪಾಯಿತು.

ಅಮ್ಮ ತಟ್ಟನೆ ತಲೆ ಎತ್ತಿದಳು. “ಅಯ್ಯೋ ಇವಳ! ಮದುಮಗಳು ತನ್ನನ್ನ ತಾನೇ ಕರ್ಕೊಳ್ಳೋದುಂಟಾ?”

ಸ್ಪೀಕರಿನಿಂದ ನಾಲ್ಕನೆಯ ಸಾಲು ಬಂತು. ಒಳಗಿನಿಂದ ಸೊಲ್ಲು ಬಂತು, ಈ ಸಲ ಇನ್ನೂ ಜೋರಾಗಿ.

“ಲೋ, ಅದನ್ನ ಆರಿಸೋ,” ಅಂದಳು ಅಮ್ಮ ನನಗೆ.

“ಅಮ್ಮಾ, ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ...”

“ಆರಿಸು ಅಂದ್ನಲ್ಲ! ಸೊಲ್ಲು ಹಿಡಿಯೋಳು ಇದಾಳೆ. ಇನ್ನು ಅದ್ಯಾಕೆ?”

ನಾನು ಅಷ್ಟು ಕಷ್ಟಪಟ್ಟ ರೆಕಾರ್ಡಿಂಗನ್ನು ಸೌಂಡಿನವನು ವಯರ್ ಕಿತ್ತು ನಿಲ್ಲಿಸಿದ. ಅಮ್ಮ ಕುರ್ಚಿಯಿಂದ ಎದ್ದು ಹೋಗಿ ಕೋಣೆಯ ಬಾಗಿಲ ಪಕ್ಕದಲ್ಲಿ ಚಾಪೆಯ ಮೇಲೆ ಕೂತಳು. ಗಂಟಲು ಸರಿಮಾಡಿಕೊಂಡು ಐದನೆಯ ಸಾಲನ್ನು ತಾನೇ ಎತ್ತಿದಳು. ಬಾಗಿಲ ಆಚೆಯಿಂದ ಮೊಮ್ಮಗಳು ಹಿಡಿದಳು. ಆರನೆಯದು, ಏಳನೆಯದು. ಊಟದ ಹಾಲಿನಿಂದ ಹೆಂಗಸರು ಒಬ್ಬೊಬ್ಬರೇ ಕೈ ಒರೆಸಿಕೊಳ್ಳುತ್ತ ಬಂದು ನಿಂತರು.

ಒಂದು ಸಾಲಿನ ನಡುವೆ ಅಮ್ಮ ಬಾಗಿಲ ಕಡೆ ತಿರುಗಿ, “ಸ್ವಲ್ಪ ಮೇಲಕ್ಕೆ ತಗೊಳ್ಳೇ,” ಅಂದಳು.

“ಆಗಲ್ಲ ಅಜ್ಜಿ,” ಅಂತ ಒಳಗಿನಿಂದ ಉತ್ತರ ಬಂತು, ಕನ್ನಡದಲ್ಲಿ. “ನೀನೇ ಸ್ವಲ್ಪ ಕೆಳಗಿಳಿ.”

ಅಮ್ಮ ನನ್ನ ಕಡೆ ನೋಡಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು.

“ಥೇಟು ನಿಮ್ಮ ದೊಡ್ಡಮ್ಮ,” ಅಂದಳು. ಹಾಗೆಂದವಳೇ ದನಿಯನ್ನು ಸ್ವಲ್ಪ ಕೆಳಗಿಳಿಸಿ ಮುಂದಿನ ಸಾಲು ಹೇಳಿದಳು.